ಗುಂಗುರುಗೂದಲಿಗೆ ದಂಡ

ಕೆಲವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದಿಲ್ಲ, ಕೆಲವರಿಗೆ ಅಂಗಡಿಯಲ್ಲಿ ಚಿಲ್ಲರೆ ಸಿಗುವುದಿಲ್ಲ. ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿರುವ ನರ್ಸಮ್ಮನಿಗೆ ಯಾವ ಊರಿನ ಪಾರ್ಲರಿಗೆ ಹೋದರೂ ಬೋರ್ಡಿನ ಮೇಲೆ ಬರೆದ ರೇಟು ಸಿಗುವುದಿಲ್ಲ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ಹೋದಲ್ಲೆಲ್ಲ ಆಗುತ್ತದೆ, ಜೊತೆಗೆ ಹೋದ ನಾನು ಪ್ರತಿ ಸಲವೂ ಬಾಯಿ ಹಾಕಿ ಕೆಡಿಸಿಕೊಂಡು ಬರುತ್ತೇನೆ.

ನನ್ನದು ಹುನಗುಂದದಲ್ಲಿ ಒಂದು ಸಣ್ಣ ಖಾನಾವಳಿ. ನರ್ಸಮ್ಮ ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಈಗ ಉಳಿದಿರುವ ಆಫ್ರಿಕಾ ಎಂದರೆ ಅವಳ ತಲೆಯ ಮೇಲಿನ ಕೂದಲು, ಅಷ್ಟೆ. ಸಣ್ಣ ಸಣ್ಣ ಸುರುಳಿ, ಬಿಚ್ಚಿದರೆ ತಲೆಯ ಸುತ್ತ ಕಪ್ಪು ಮೋಡ. ನೋಡಲು ನನಗೆ ಭಾಳ ಇಷ್ಟ. ನನ್ನದೋ, ಹೆರಳು ಹಾಕಿದರೆ ಇಲಿಯ ಬಾಲ.

ಹುನಗುಂದ: ದಟ್ಟ ಕೂದಲು

ಅವಳ ಮದುವೆ ಗೊತ್ತಾಯಿತು. ಆಸ್ಪತ್ರೆಯಲ್ಲಿ ರಜೆ ಸಿಕ್ಕಿದ್ದು ಮದುವೆಗೆ ಎರಡು ದಿನ ಮೊದಲಿನಿಂದ ಮಾತ್ರ. ಊರಲ್ಲಿ ಅವಳ ತಲೆ ಕಟ್ಟುತ್ತಿದ್ದ ದೊಡ್ಡಮ್ಮನಿಗೆ ಈಗ ಕೈ ನಡುಗುತ್ತದೆ. ಹೀಗಾಗಿ ಇಲ್ಲೇ ಯಾರಿಂದಾದರೂ ತಲೆ ತೊಳೆಸಿ, ತುದಿ ಕತ್ತರಿಸಿ, ಸಣ್ಣ ಹೆರಳು ಹಾಕಿಸಿಕೊಂಡು ಹೋಗಬೇಕು. ಬಸ್ ಸ್ಟ್ಯಾಂಡಿನ ಹತ್ತಿರದ ಪಾರ್ಲರಿಗೆ ಕರೆದುಕೊಂಡು ಹೋದೆ. ಪಾರ್ಲರಿನಾಕೆ ನಮಗೆ ಹೊಸಬಳಲ್ಲ, ಅವಳ ಗಂಡ ನನ್ನ ಖಾನಾವಳಿಯ ಖಾಯಂ ಗಿರಾಕಿ.

ನರ್ಸಮ್ಮ ಕುರ್ಚಿಯಲ್ಲಿ ಕೂತು ಕ್ಲಿಪ್ ತೆಗೆದಳು. ಪಾರ್ಲರಿನಾಕೆ ಹಣಿಗೆ ಎತ್ತಿದಳು, ನೋಡಿದಳು, ಹಣಿಗೆ ಕೆಳಗಿಟ್ಟಳು.

"ಸಿಸ್ಟರ್, ಇದಕ್ಕ ಬೋರ್ಡಿನ ರೇಟ್ ಬರಂಗಿಲ್ರಿ. ಡಬಲ್ ಆಗ್ತೈತಿ."

"ಯಾಕೆ?"

"ಕೂದಲಾ ದಟ್ಟ ಅದಾವ. ಟೈಮ್ ಹಿಡೀತೈತಿ, ಶಾಂಪೂ ಹೋಗ್ತೈತಿ. ನನ್ನ ಹಣಿಗಿ ಮುರದ್ರ ಯಾರು ಕೊಡ್ತಾರ?"

ನಾನು ಸುಮ್ಮನಿರಬೇಕಿತ್ತು. ನನ್ನ ಹೆರಳನ್ನು ಮುಂದೆ ಎಳೆದುಕೊಂಡು ತೋರಿಸಿದೆ.

"ದಟ್ಟ ಇದ್ದವರಿಗೆ ಡಬಲ್ ಆದ್ರ, ನನಗ ಇಷ್ಟು ವರ್ಷ ಪೂರಾ ರೇಟ್ ಹೆಂಗ್ ತೊಗೊಂಡಿ? ಅರ್ಧ ವಾಪಸ್ ಕೊಡು."

ಆಕೆ ಹೆರಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಹೇಳಿದಳು. "ಅಕ್ಕಾರ, ಇದನ್ನ ಹುಡುಕೂದಕ್ಕ ಟೈಮ್ ಹಿಡೀತೈತ್ರಿ."

ಹೊರಗೆ ಬಂದ ಮೇಲೆ ನರ್ಸಮ್ಮ ಹಟ ಹಿಡಿದಳು. ಕೊಡಲು ಅವಳ ಹತ್ತಿರ ದುಡ್ಡಿಲ್ಲವೆಂದಲ್ಲ. "ಅಕ್ಕಾ, ಹೆಚ್ಚು ಕೊಟ್ಟರೆ ನನ್ನ ಕೂದಲು ಏನೋ ತಪ್ಪು ಮಾಡಿದೆ, ಅದಕ್ಕೆ ದಂಡ ಕಟ್ಟಿದೆ ಅಂತ ಆಗುತ್ತೆ. ಬೋರ್ಡಿನ ಮೇಲೆ ಇದ್ದದ್ದನ್ನೇ ಕೊಡ್ತೀನಿ. ಇಲ್ಲಾಂದ್ರೆ ಹೀಗೇ ಮದುವೆಗೆ ಕೂರ್ತೀನಿ."

ಇಳಕಲ್ಲು: ಉದ್ದದ ಅಳತೆ

ಮದುವೆಯ ಸೀರೆ ತರಲು ಇಳಕಲ್ಲಿಗೆ ಹೋದೆವು. ಸೀರೆಯ ಅಂಗಡಿಯ ಎದುರಿಗೇ ಒಂದು ಹೊಸ ಪಾರ್ಲರು. ಬೋರ್ಡಿನ ಮೇಲೆ ಗಿಡ್ಡ, ಮಧ್ಯಮ, ಉದ್ದ ಎಂದು ಮೂರು ರೇಟು. ದಟ್ಟ ಎಂಬ ಶಬ್ದವೇ ಇಲ್ಲ. ನನಗೆ ಜೀವ ಬಂದ ಹಾಗಾಯಿತು. ನರ್ಸಮ್ಮನ ಕೂದಲು ಕಿವಿಯ ಕೆಳಗೆ ಇಳಿಯುವುದಿಲ್ಲ, ಯಾವ ಲೆಕ್ಕದಲ್ಲಿ ನೋಡಿದರೂ ಗಿಡ್ಡ.

ಅಲ್ಲಿನ ಹುಡುಗಿ ಹಿಂದೆ ಬಂದು ನಿಂತಳು. ಒಂದು ಸುರುಳಿಯನ್ನು ತುದಿಯಲ್ಲಿ ಹಿಡಿದು ಮೆಲ್ಲಗೆ ಎಳೆಯತೊಡಗಿದಳು. ಅದು ಬಂತು, ಇನ್ನೂ ಬಂತು, ಹೆಗಲು ದಾಟಿ ಬೆನ್ನಿಗೆ ಬಂತು.

"ಇದು ಉದ್ದ ರಿ," ಎಂದಳು, ಗೆದ್ದವರ ಹಾಗೆ.

ಕೈಬಿಟ್ಟಳು. ಸುರುಳಿ ಪಟಕ್ಕನೆ ಕಿವಿಯ ಹತ್ತಿರ ಹೋಗಿ ಕೂತಿತು.

"ಎಳೆದು ಅಳತಿ ಮಾಡ್ತಾರೇನವಾ?" ನಾನು ಶುರು ಮಾಡಿದೆ. "ಎದುರಿನ ಅಂಗಡ್ಯಾಗ ಸೀರಿ ಎಳದು ಮಾರಿದ್ರ ನೀ ಸುಮ್ಮನ ಬಿಡ್ತಿದ್ದೇನು?"

"ನಾವು ಅಳಿಯೂದು ಹಿಂಗ ರಿ. ಉದ್ದದ ರೇಟ್ ಕೊಡಬೇಕು."

ನರ್ಸಮ್ಮ ಸಮಾಧಾನವಾಗಿ ಪರ್ಸ್ ತೆಗೆದಳು. "ಆಯ್ತಮ್ಮ, ಉದ್ದದ ರೇಟೇ ಕೊಡ್ತೀನಿ. ಆದ್ರೆ ನೀನು ನನ್ನ ಮದುವೆಗೆ ಬರಬೇಕು. ಕೊನೇ ತನಕ ಅದನ್ನ ಹೀಗೇ ಹಿಡ್ಕೊಂಡು ನಿಂತಿರಬೇಕು."

ಬಾದಾಮಿ: ಫಾರಿನ್ ರೇಟು

ಬನಶಂಕರಿಗೆ ಮದುವೆಯ ಪತ್ರಿಕೆ ಇಟ್ಟು, ಬರುವಾಗ ಬಾದಾಮಿಯಲ್ಲಿ ಇಳಿದೆವು. ಅಲ್ಲಿ ಪ್ರವಾಸಿಗರು ಬರುತ್ತಾರೆ, ತರತರದ ತಲೆ ನೋಡಿದ ಪಾರ್ಲರು ಇರಬಹುದೆಂದು ನನ್ನ ಎಣಿಕೆ. ಇತ್ತು. ಅದರ ಮಾಲೀಕ ನಮ್ಮನ್ನು ಕಂಡವನೇ ಎದ್ದು ನಿಂತು, ನನ್ನನ್ನು ಬಿಟ್ಟು ಅವಳಿಗೆ ಮಾತ್ರ ನಮಸ್ಕಾರ ಮಾಡಿ, "ವೆಲ್‌ಕಮ್ ಮೇಡಂ, ವೆಲ್‌ಕಮ್ ಇಂಡಿಯಾ," ಎಂದ. ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ. ಅದರಲ್ಲಿದ್ದ ಅಂಕಿಗೂ ಹಿಂದಿನ ಗೋಡೆಯ ಬೋರ್ಡಿಗೂ ಯಾವ ಸಂಬಂಧವೂ ಇರಲಿಲ್ಲ.

"ಅಣ್ಣಾ, ಬೋರ್ಡಿನಲ್ಲಿ ಬೇರೆ ಬರೆದಿದ್ದೀರಲ್ಲ?" ಎಂದಳು ನರ್ಸಮ್ಮ.

ಅವನು ಬಾಗಿಲಿಗೆ ಓಡಿದ. "ಬರ್ರಿ ಇಲ್ಲೆ! ಫಾರಿನ್ ಅಕ್ಕಾರು ಕನ್ನಡ ಮಾತಾಡಾಕತ್ತಾರ!" ಪಕ್ಕದ ಚಹಾದಂಗಡಿಯವನು ಕೆಟಲಿ ಸಮೇತ ಬಂದ.

"ಕನ್ನಡ ಯಾವಾಗ ಕಲ್ತ್ರಿ ಮೇಡಂ?"

"ನೀವು ಕಲಿತಾಗಲೇ. ಹುಟ್ಟಿದ ಮೇಲೆ. ನಮ್ಮೂರು ಯಲ್ಲಾಪುರ."

ಮಾಲೀಕನಿಗೆ ಮನಸ್ಸು ತುಂಬಿ ಬಂತು. ಚಹಾ ಕೊಡಿಸಿದ, ನನಗೂ ಕೊಡಿಸಿದ. ಆಮೇಲೆ ಬೋರ್ಡಿನ ಕಡೆ ನೋಡದೆ ಹೇಳಿದ. "ನೀವು ಇಷ್ಟು ಚಂದ ಕನ್ನಡ ಮಾತಾಡ್ತೀರಿ, ನಿಮ್ಮ ಕಡೆ ಹೆಂಗ್ ತೊಗೊಳ್ಳಿ? ಫಾರಿನ್ ರೇಟಿನ್ಯಾಗ ಸ್ವಲ್ಪ ಬಿಡ್ತೇನಿ."

ಬಸ್ಸಿನಲ್ಲಿ ನಾನು ಒಬ್ಬಳೇ ನಕ್ಕೆ. ಅವಳು ನಗಲಿಲ್ಲ. ಕಿಟಕಿಯ ಗಾಜಿನಲ್ಲಿ ತನ್ನ ತಲೆಯನ್ನೇ ನೋಡುತ್ತ, "ಸಾಕಾಯ್ತು ಅಕ್ಕಾ. ನೆಟ್ಟಗೆ ಮಾಡಿಸಿಬಿಡ್ತೀನಿ. ಎಲ್ಲರ ಹಾಗೆ ಇದ್ದುಬಿಡ್ತೀನಿ," ಎಂದಳು. ಇಷ್ಟು ಚೆಂದದ ತಲೆಯನ್ನು ಇವರೆಲ್ಲ ಸೇರಿ ಅವಳಿಗೇ ಬೇಡವಾಗಿಸಿದರಲ್ಲ ಎಂದು ನನಗೆ ಸಿಟ್ಟು ಬಂತು. ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹುನಗುಂದದ ಪಾರ್ಲರಿಗೇ ಫೋನು ಹಚ್ಚಿದ್ದಳು. ಆಕೆಯ ಧ್ವನಿ ನನಗೂ ಕೇಳಿಸಿತು.

"ನೆಟ್ಟಗ ಮಾಡಿಕೊಡ್ತೇನ್ರಿ ಸಿಸ್ಟರ್. ಆದ್ರ ಗುಂಗುರು ಇದ್ದವರಿಗೆ ಡಬಲ್."

ನರ್ಸಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಅಲ್ಲಾ, ಗುಂಗುರು ಇಲ್ಲದವರು ನಿಮ್ಮ ಹತ್ತಿರ ನೆಟ್ಟಗೆ ಮಾಡಿಸೋಕೆ ಯಾಕೆ ಬರ್ತಾರೆ?"

ಫೋನು ಇಟ್ಟು ಬಿದ್ದು ಬಿದ್ದು ನಕ್ಕಳು. ಕಮತಗಿ ದಾಟುವವರೆಗೂ ನಗುತ್ತಲೇ ಇದ್ದಳು. ನೆಟ್ಟಗೆ ಮಾಡಿಸುವ ಮಾತು ಅಲ್ಲಿಗೇ ಮುಗಿಯಿತು.

ಖಾನಾವಳಿ: ಒಂದೇ ರೇಟು

ನಮ್ಮ ಕಡೆಯ ಖಾನಾವಳಿಯ ಪದ್ಧತಿ ಗೊತ್ತಲ್ಲ. ತಾಟಿಗೆ ಒಂದು ರೇಟು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಬೇಕಾದಷ್ಟು. ಅರ್ಧ ರೊಟ್ಟಿ ತಿಂದು ಏಳುವವರೂ ಅಷ್ಟೇ ಕೊಡುತ್ತಾರೆ, ಪಾರ್ಲರಿನಾಕೆಯ ಗಂಡನೂ ಅಷ್ಟೇ ಕೊಡುತ್ತಾನೆ. ಆತ ನೋಡಲು ಕಡ್ಡಿ. ಕೂತನೆಂದರೆ ಒಲೆಯ ಮುಂದೆ ರೊಟ್ಟಿ ಬಡಿಯುವ ನನಗೆ ಹೆಗಲು ಇಳಿಯುತ್ತದೆ. ಆದರೆ ಉಣ್ಣುವವರ ರೊಟ್ಟಿ ಎಣಿಸುವುದು ನಮ್ಮಲ್ಲಿ ಪಾಪದ ಕೆಲಸ.

ಅವಳು ಊರಿಗೆ ಹೊರಡಲು ಎರಡು ದಿನ ಉಳಿದಿತ್ತು. ಭಾನುವಾರ ಮಧ್ಯಾಹ್ನ, ಖಾನಾವಳಿ ತುಂಬಿತ್ತು. ನರ್ಸಮ್ಮನಿಗೆ ರಜೆ, ನನಗೆ ಆಸರೆಯಾಗಲೆಂದು ಗಲ್ಲಾದ ಮೇಲೆ ಕೂತಿದ್ದಳು. ಪಾರ್ಲರಿನಾಕೆ, ಅವಳ ಗಂಡ ಇಬ್ಬರೂ ಉಂಡು, ಕೈ ತೊಳೆದು, ದುಡ್ಡು ಕೊಡಲು ಬಂದರು.

"ನಿಮ್ಮದು ಬೋರ್ಡಿನ ರೇಟು, ಅಕ್ಕಾರೆ," ಎಂದಳು ನರ್ಸಮ್ಮ. "ಇವರದು ಡಬಲ್."

ಆತ ಕಣ್ಣು ಬಿಟ್ಟ. "ಯಾಕ್ರಿ ಸಿಸ್ಟರ್?"

"ಹಸಿವು ದಟ್ಟ ಇದೆ. ಟೈಮ್ ಹಿಡಿಯಿತು, ಎಣ್ಣೆಗಾಯಿ ಹೆಚ್ಚು ಹೋಯಿತು. ನಮ್ಮಕ್ಕನ ರೊಟ್ಟಿ ಹಂಚು ಒಡೆದರೆ ಯಾರು ಕೊಡ್ತಾರೆ?"

ಮೂಲೆಯಲ್ಲಿದ್ದ ಹಿರಿಯರೊಬ್ಬರು ತುತ್ತು ಕೆಳಗಿಟ್ಟರು. "ಏನ್ ಕಾಲ ಬಂತ್ರಿ ಯಪ್ಪಾ! ಹುನಗುಂದದಾಗ ಉಣ್ಣಾವನ ರೊಟ್ಟಿ ಎಣಿಸ್ತಾರ!" ಒಲೆಯ ಮುಂದಿದ್ದ ನಾನು, ಖಾನಾವಳಿಯ ಮರ್ಯಾದೆ ಹೋಯಿತೆಂದು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದೆ.

ಪಾರ್ಲರಿನಾಕೆ ಗಂಡನಿಗಿಂತ ಮೊದಲು ಜಗಳಕ್ಕೆ ನಿಂತಿದ್ದಳು. "ಖಾನಾವಳಿ ಅಂದಮ್ಯಾಲ ಒಬ್ಬರು ಕಡಿಮಿ ಉಣ್ತಾರ, ಒಬ್ಬರು ಹೆಚ್ಚು ಉಣ್ತಾರ! ಒಬ್ಬೊಬ್ಬರಿಗೆ ಒಂದೊಂದು ರೇಟ್ ಹಚ್ಚೂದು ಎಲ್ಲಿ ನ್ಯಾಯ ರಿ? ದೇವರು ಅವಗ ಅಂಥಾ ಹೊಟ್ಟಿ ಕೊಟ್ಟಾನ, ಅದು ಅವನ..."

ಅಲ್ಲಿಗೆ ನಿಂತಳು. ನರ್ಸಮ್ಮನ ತಲೆ ನೋಡಿದಳು. ನರ್ಸಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ಮುಂದಿನ ಮಾತಿಗೆ ಕಾಯುತ್ತಿದ್ದಳು.

ಪಾರ್ಲರಿನಾಕೆಗೆ ಮೊದಲು ಮುಖ ಕೆಂಪಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. "ನಾಳೆ ಮುಂಜಾನಿ ಲಗೂ ಬಾರವಾ ತಂಗಿ. ಬೋರ್ಡಿನ ರೇಟ್," ಎಂದಳು. ಗಂಡ ಅದೇ ಖುಷಿಯಲ್ಲಿ ವಾಪಸ್ ಹೋಗಿ ಇನ್ನೊಂದು ರೊಟ್ಟಿಗೆ ಕೂತ.

ಮರುದಿನ ಸಂಜೆಯವರೆಗೆ ಕೆಲಸ ನಡೆಯಿತು. ಒದ್ದೆ ಇದ್ದಾಗಲೇ ಎಣ್ಣೆ ಹಚ್ಚಿ, ಬೆರಳಲ್ಲೇ ಬಿಡಿಸಬೇಕೆಂದು ನರ್ಸಮ್ಮ ಹೇಳಿಕೊಟ್ಟಳು. ಒಂದು ಹಣಿಗೆಯೂ ಮುರಿಯಲಿಲ್ಲ. ಸಣ್ಣ ಸಣ್ಣ ಹೆರಳುಗಳನ್ನು ಮೇಲೆತ್ತಿ ಕಟ್ಟಿ, ಸುತ್ತ ಮಲ್ಲಿಗೆ ಇಟ್ಟಾಗ ಪಾರ್ಲರಿನಾಕೆ ತಾನೇ ದೃಷ್ಟಿ ತೆಗೆದಳು. ನರ್ಸಮ್ಮ ಬಹಳ ಹೊತ್ತು ಕನ್ನಡಿಯ ಮುಂದಿನಿಂದ ಏಳಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ. ಬೋರ್ಡಿನ ಮೇಲಿದ್ದಷ್ಟೇ ಕೊಟ್ಟು, ತಲೆ ಎತ್ತಿಕೊಂಡು ಅವಳು ಬಾಗಿಲಿಗೆ ನಡೆದಳು.

ಪಾರ್ಲರಿನಾಕೆ ಸೀಮೆಸುಣ್ಣ ತೊಗೊಂಡು ಬೋರ್ಡಿನ ಕೆಳಗೆ ದೊಡ್ಡದಾಗಿ ಬರೆದಳು: ತಲೆಗೆ ಒಂದೇ ರೇಟು.

ಎಲ್ಲರ ಮನಸ್ಸೂ ಹಗುರಾಗಿತ್ತು. ಇದೇ ಸಮಯವೆಂದು ನಾನು ಕುರ್ಚಿಯಲ್ಲಿ ಕೂತು, ನನ್ನ ಇಲಿಬಾಲವನ್ನು ಮುಂದೆ ಎಳೆದುಕೊಂಡೆ.

"ಹಂಗಾರ ನಂದೂ ತುದಿ ಕತ್ತರಿಸಿ ಬಿಡವಾ. ಇಷ್ಟಕ್ಕ ಅರ್ಧ ತೊಗೊಂಡ್ರ ಸಾಕಲ್ಲ?"

ಆಕೆ ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಮದುಮಗಳು ತಿರುಗಿ, ನನ್ನ ಹುನಗುಂದದ ಮಾತಿನಲ್ಲೇ ಕೇಳಿದಳು.

"ಯಾಕಕ್ಕಾ, ಅರ್ಧ ರೊಟ್ಟಿ ತಿಂದು ಏಳಾವರಿಗೆ ನೀ ರೊಕ್ಕ ವಾಪಸ್ ಕೊಡ್ತೀ ಏನು?"