ನನ್ನ ಪ್ರಬಂಧದ ಮೊದಲ ಓದುಗ

ಸುಳ್ಳು ಹೇಳುವವನು ದುಂಡು ಸಂಖ್ಯೆಗಳಿಂದ ದೂರವಿರಬೇಕು ಎಂಬುದು ನಾನು ಸ್ವಂತ ಅನುಭವದಿಂದ ಕಲಿತ ವಿದ್ಯೆ. ‘ಬಸ್ಸಿಗೆ ಒಂದು ಗಂಟೆ ಕಾದೆ’ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ. ‘ಐವತ್ತಮೂರು ನಿಮಿಷ ಕಾದೆ’ ಎಂದರೆ ಮರುಮಾತಾಡದೆ ತಟ್ಟೆ ಹಾಕುತ್ತಾಳೆ. ಈ ವಿದ್ಯೆಯನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದನ್ನು ಒಯ್ದು ಸಂಶೋಧನೆಗೆ ಹಚ್ಚಿದ್ದು ನನ್ನ ತಪ್ಪು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೋಲಾರದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ವಿದ್ಯುತ್ತಿನ ಪಾಠ ಹೇಳುತ್ತಿದ್ದೆ. ಬಡ್ತಿ ಬೇಕೆಂದರೆ ಪಿಎಚ್.ಡಿ. ಬೇಕಿತ್ತು. ಹಳ್ಳಿಯ ಪಂಪ್‌ಸೆಟ್ಟುಗಳಿಗೆ ಬರುವ ವೋಲ್ಟೇಜು ದಿನದಿಂದ ದಿನಕ್ಕೆ ಹೇಗೆ ಏರಿಳಿಯುತ್ತದೆ ಎಂಬುದು ನನ್ನ ವಿಷಯ. ಅದಕ್ಕಾಗಿ ಒಂದು ಡಿಜಿಟಲ್ ಮೀಟರು ಕಟ್ಟಿದ್ದೆ. ಮುಳ್ಳಿಲ್ಲ, ಕೆಂಪು ಅಂಕಿಗಳೇ ಬೆಳಗುತ್ತವೆ ಎಂಬುದು ಆ ಕಾಲಕ್ಕೆ ದೊಡ್ಡ ಹೆಮ್ಮೆ. ಹೋಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮುನಿಸ್ವಾಮಪ್ಪ ಎಂಬ ರೈತರ ಪಂಪ್‌ಮನೆಯ ಗೋಡೆಗೆ ಅದನ್ನು ತಗುಲಿಹಾಕಿದೆ. ಅವರು ಸೊಪ್ಪಿನ ಹೊರೆ ಇಳಿಸಿ ನೋಡಿದರು. “ಇದ್ಯಾವ ದೇಶದ್ ಗಡಿಯಾರ ಸಾರ್? ಇನ್ನೂರ ಹತ್ತು ಗಂಟೆ ತೋರಿಸ್ತೈತೆ!” ಎಂದರು. ಗಡಿಯಾರವಲ್ಲವೆಂದು ವಿವರಿಸಿದೆ. ಅವರು ಒಪ್ಪಿದಂತೆ ತಲೆಯಾಡಿಸಿ, ನಾನು ಹೊರಡುವಾಗ “ಟೈಮೆಷ್ಟಾಯ್ತು?” ಎಂದು ಅದನ್ನೇ ನೋಡಿದರು.

ಆ ಮೀಟರು ತೋರಿಸುತ್ತಿತ್ತೇ ಹೊರತು ಬರೆದಿಡುತ್ತಿರಲಿಲ್ಲ. ಬೆಳಗ್ಗೆ ಸಾಯಂಕಾಲ ಮೊಪೆಡ್ಡಿನಲ್ಲಿ ಹೋಗಿ ಅಂಕಿ ಬರೆದುಕೊಂಡು ಬರುವುದು ನನ್ನ ಕೆಲಸ. ಹೀಗೆ ನಾಲ್ಕು ತಿಂಗಳು ತಪ್ಪದೆ ನಡೆಯಿತು. ಅಷ್ಟರಲ್ಲಿ ವೈಶಾಖ ಬಂತು, ರಾಯಲ್ಪಾಡಿನಲ್ಲಿ ನನ್ನ ಭಾವಮೈದುನನ ಮದುವೆ ಬಂತು. ಎರಡು ದಿನಕ್ಕೆಂದು ಹೋದವನನ್ನು ಮಾವನವರ ತೋಪಿನ ಮಾವಿನಹಣ್ಣು ಏಳು ದಿನ ಹಿಡಿದಿಟ್ಟುಕೊಂಡಿತು. ತಿರುಗಿ ಬಂದಾಗ ಪಂಪ್‌ಮನೆಯಲ್ಲಿ ಅಂಕಿಗಳು ಎಂದಿನಂತೆ ಕೆಂಪಗೆ ಹೊಳೆಯುತ್ತಿದ್ದವು. ಪುಸ್ತಕದಲ್ಲಿ ಮಾತ್ರ ಏಳು ದಿನದ ಜಾಗ, ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ನಾನು ಯಾರನ್ನೂ ಏನೂ ಕೇಳಲಿಲ್ಲ. ನಾಲ್ಕು ತಿಂಗಳ ಒಡನಾಟದಲ್ಲಿ ಆ ವೋಲ್ಟೇಜಿನ ಸ್ವಭಾವ ನನಗೆ ತಿಳಿದುಹೋಗಿತ್ತು ಎಂದುಕೊಂಡು, ಕುಳಿತಲ್ಲೇ ಬರೆದೆ: ಇನ್ನೂರ ಹನ್ನೊಂದು, ಇನ್ನೂರ ಹದಿನೇಳು, ಇನ್ನೂರ ಹದಿನಾಲ್ಕು. ಒಂದು ದುಂಡು ಸಂಖ್ಯೆಯೂ ನುಸುಳದಂತೆ ನೋಡಿಕೊಂಡೆ.

ಪ್ರಬಂಧವನ್ನು ಟೈಪ್ ಮಾಡಲು ಒಪ್ಪಿಕೊಂಡವರು ನಾರಾಯಣಪ್ಪನವರು. ಕೋರ್ಟಿನ ಎದುರಿನ ಜಗಲಿಯಲ್ಲಿ ಕುಳಿತು ಅರ್ಜಿ, ದಾವೆಗಳನ್ನು ಟೈಪ್ ಮಾಡಿಕೊಡುವ ಹಿರಿಯರು. ಅವರಷ್ಟು ವೇಗವಾಗಿ ಇಂಗ್ಲಿಷ್ ಕುಟ್ಟುವವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಕೀಲಿ ಸಿಕ್ಕಿಕೊಂಡಾಗ ಮಾತ್ರ “ಏಮಿರಾ ನೀಕು?” ಎಂದು ಮಿಷಿನ್ನನ್ನು ತೆಲುಗಿನಲ್ಲಿ ಗದರಿಸುತ್ತಿದ್ದರು. ಅವರ ಬೆರಳುಗಳಿಗೆ ಅರ್ಜಿಯ ಅಭ್ಯಾಸ. ನಾನು ‘ಪಂಪ್‌ಸೆಟ್’ ಎಂದು ಬರೆದರೆ ಅದು ‘ಮೇಲ್ಕಂಡ ಪಂಪ್‌ಸೆಟ್’ ಆಗುತ್ತಿತ್ತು. ‘ಇದರಿಂದ ತಿಳಿಯುವುದೇನೆಂದರೆ’ ಎಂಬುದು ‘ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದಾಗುತ್ತಿತ್ತು. ಕೇಳಿದರೆ, “ದೊಡ್ಡೋರು ಓದೋದು ಸಾರ್, ಸ್ವಲ್ಪ ಮರ್ಯಾದೆ ಇರ್ಲಿ” ಎನ್ನುತ್ತಿದ್ದರು.

ಪ್ರಬಂಧ ಒಪ್ಪಿಸಲು ಹತ್ತು ದಿನ ಉಳಿದಿತ್ತು. ನಾಲ್ಕನೆಯ ಅಧ್ಯಾಯದ ಕೋಷ್ಟಕದ ಮುಂದೆ ನಾರಾಯಣಪ್ಪನವರ ಕೈ ನಿಂತಿತು.

“ಸಾರ್, ಈ ಟೇಬಲ್ಲು ಮುನಿಸ್ವಾಮಪ್ಪನ ಪಂಪ್‌ಮನೇದಾ?”

“ಹೌದು. ನಿಮಗೆ ಅವರು ಗೊತ್ತೇ?”

“ನಮ್ಮೂರೇ ಅದು. ದಿನಾ ಅಲ್ಲಿಂದ್ಲೇ ಬಸ್ಸಲ್ಲಿ ಬರೋದು ನಾನು. ಆದ್ರೆ ಈ ಒಂದ್ ವಾರದ್ದು ತಪ್ಪೈತೆ ಸಾರ್. ಆ ವಾರ ಟ್ರಾನ್ಸ್‌ಫಾರಂ ಸುಟ್ಟೋಗಿ ಊರಿಗೂರೇ ಕತ್ತಲಾಗಿತ್ತು.”

“ನಿಮಗೆ ತಾರೀಖು ಮರೆತಿರಬೇಕು” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಮಗಳ ಮದ್ವೆ ತಾರೀಖು ಮರೀತೀನಾ?” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ ಪುಸ್ತಕದಾಗೆ ಆವತ್ತು ಸಾಯಂಕಾಲ ಇನ್ನೂರ ಹದಿನಾಲ್ಕು ವೋಲ್ಟ್ ಐತೆ. ಬೀಗರು ಲಾಟೀನು ಎತ್ತಿ ಹಿಡ್ಕಂಡು ನಮ್ಮುಡುಗಿ ಮುಖ ನೋಡಿದ್ರು ಸಾರ್.”

“ಅದನ್ನೆಲ್ಲ ಯಾರು ಓದುತ್ತಾರೆ, ಬಿಡಿ ನಾರಾಯಣಪ್ಪನವರೇ” ಎಂದೆ.

“ನಾನು ಓದಿದ್ನಲ್ಲ ಸಾರ್” ಎಂದರು ಅವರು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನಾನೂ ಒಂದಷ್ಟು ಕೂಗಾಡಿ ಪಾರಾಗುತ್ತಿದ್ದೆ.

ಹಾಳೆಗಳನ್ನು ಕಟ್ಟಿಕೊಂಡು ಮರುದಿನವೇ ಮಾಲೂರಿನ ಬಸ್ಸು ಹತ್ತಿದೆ. ಅಲ್ಲೊಬ್ಬ ಟೈಪಿಸ್ಟಿದ್ದ, ಅವನಿಗೆ ಮದುವೆಯ ವಯಸ್ಸಿನ ಮಗಳಿರಲಿಲ್ಲ, ಯಾವ ಹಳ್ಳಿಯ ಟ್ರಾನ್ಸ್‌ಫಾರ್ಮರಿನ ಸಂಗತಿಯೂ ತಿಳಿದಿರಲಿಲ್ಲ. ಅವನು ಹಾಳೆ ಸಿಕ್ಕಿಸಿ “ಶುರು ಮಾಡ್ಲಾ ಸಾರ್?” ಎಂದ. ನನಗೆ ಹೂಂ ಎನ್ನಲಾಗಲಿಲ್ಲ. ಕಣ್ಣೆದುರಿಗೆ ಒಂದು ಲಾಟೀನು, ಅದರ ಬೆಳಕಿನಲ್ಲಿ ತಲೆ ತಗ್ಗಿಸಿ ನಿಂತ, ನಾನು ಎಂದೂ ನೋಡದ ಒಬ್ಬ ಹುಡುಗಿ. ನನ್ನ ಆತ್ಮಸಾಕ್ಷಿ ಎಚ್ಚೆತ್ತಿತು ಎಂದು ಹೇಳಿಕೊಳ್ಳಬಹುದು. ಆದರೆ ಬೆಳಗಿನಿಂದ ಸಂಜೆಯವರೆಗೆ ಅರ್ಜಿ ಬರೆಯುವುದೇ ಕಸುಬಾದ ಮನುಷ್ಯ ವಿಶ್ವವಿದ್ಯಾನಿಲಯಕ್ಕೂ ಒಂದು ಅರ್ಜಿ ಬರೆದುಬಿಟ್ಟರೆ ಎಂಬ ಭಯವೂ ಜೊತೆಗಿತ್ತು. ಎರಡರಲ್ಲಿ ಯಾವುದು ನನ್ನನ್ನು ಕೋಲಾರದ ಬಸ್ಸಿಗೆ ಹತ್ತಿಸಿತೋ ಈಗಲೂ ಗೊತ್ತಿಲ್ಲ.

ಆ ವಾರಕ್ಕೆಲ್ಲ ಸೊನ್ನೆ ಹಾಕಿದೆ. ನಾರಾಯಣಪ್ಪನವರೇ ಊರಿನಲ್ಲಿ ನಾಲ್ಕು ಜನರನ್ನು ಕೇಳಿ, ಕರೆಂಟು ಹೋದ ದಿನ, ಬಂದ ದಿನ ಬರೆದುಕೊಟ್ಟರು. ಕರೆಂಟಿಲ್ಲದ ಇನ್ನೆಷ್ಟೋ ಮಧ್ಯಾಹ್ನಗಳ ಸುದ್ದಿಯೂ ಬಂತು. ನಾನು ಬೆಳಗ್ಗೆ ಸಂಜೆ ಮಾತ್ರ ಹೋಗುತ್ತಿದ್ದುದರಿಂದ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಯವಾಗಿ ಹರಿಯುತ್ತಿದ್ದ ನನ್ನ ಗ್ರಾಫು ಹಳ್ಳಕ್ಕೆ ಬಿತ್ತು. ಅದರ ಜೊತೆಗೆ ‘ವೋಲ್ಟೇಜು ಸಮಾಧಾನಕರ’ ಎಂಬ ನನ್ನ ತೀರ್ಮಾನವೂ ಬಿತ್ತು. ಬೆಂಗಳೂರಿನ ಮಾರ್ಗದರ್ಶಕರು “ಇಷ್ಟು ದಿನ ಏನ್ರೀ ಮಾಡ್ತಿದ್ರಿ?” ಎಂದು ಕಾರಿಡಾರಿಗೆಲ್ಲ ಕೇಳಿಸುವಂತೆ ಕೂಗಿದರು. ಗಡುವು ದಾಟಿತು. ಕರೆಂಟೇ ಇಲ್ಲದ ದಿನಗಳ ಬಗ್ಗೆ ಹೊಸದೊಂದು ಅಧ್ಯಾಯ ಬರೆಯಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ನನಗಿಂತ ಕಿರಿಯನೊಬ್ಬ ಬಡ್ತಿ ಪಡೆದು, ನನ್ನ ರಜೆ ಚೀಟಿಗೆ ಸಹಿ ಹಾಕತೊಡಗಿದ.

ಕೊನೆಗೊಂದು ದಿನ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಬೆಳ್ಳಿಗೂದಲಿನ ಗಂಭೀರ ಮನುಷ್ಯ. ಬೇರೆ ಯಾವ ಪುಟವನ್ನೂ ನೋಡದೆ ನೇರವಾಗಿ ಸೊನ್ನೆಗಳ ಪುಟ ತೆರೆದರು. “ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಏನಾದರೊಂದು ಸಂಖ್ಯೆ ತುಂಬಿಬಿಡುತ್ತಿದ್ದರು. ಇಂಥ ಪ್ರಾಮಾಣಿಕತೆಯನ್ನು ನಾನು ಕಂಡಿರಲಿಲ್ಲ” ಎಂದು ಎದ್ದು ನಿಂತು ಕೈ ಕುಲುಕಿದರು. ಅಂದು ಕೂಗಿದ್ದ ಮಾರ್ಗದರ್ಶಕರು, ಅದು ತಾವೇ ಕಲಿಸಿದ ಗುಣವೆಂಬಂತೆ ಮುಗುಳ್ನಕ್ಕರು.

ನಾನು ಎಲ್ಲವನ್ನೂ ಹೇಳಿಬಿಡಬೇಕೆಂದು ನಿಶ್ಚಯಿಸಿದೆ. ದೇವರಾಣೆಗೂ ನಿಶ್ಚಯಿಸಿದೆ. “ಸಾರ್, ನಿಜ ಹೇಳಬೇಕೆಂದರೆ ಈ ಹೊಗಳಿಕೆಗೆ ನಾನು ಅರ್ಹನಲ್ಲ...” ಎಂದು ಆರಂಭಿಸಿದೆ.

“ನೋಡಿ, ವಿನಯವೂ ಇದೆ!” ಎಂದರು ಪರೀಕ್ಷಕರು, ಸುತ್ತ ಕುಳಿತವರ ಕಡೆ ತಿರುಗಿ.

ನಾನು ಬಾಯಿ ಮುಚ್ಚಿ ವಿನಯದಿಂದ ಕುಳಿತುಕೊಂಡೆ.