ಮಾವನವರ ಎರಡು ಮ್ಯಾನಿಫೋಲ್ಡುಗಳು

ಆವತ್ತು ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ಹಾಲು ಕಾಸಿ, ಬಿಸಿನೀರಿನಲ್ಲಿ ಜೋಳದ ಹಿಟ್ಟು ನಾದಿ ಉಂಡೆ ಮಾಡಿಟ್ಟು, ಹಂಚು ಇಡಲೆಂದು ಬೆನ್ನು ತಿರುಗಿಸಿದೆ. ಮತ್ತೆ ನೋಡಿದರೆ ಉಂಡೆಗಳು ಕಡಿಮೆ. ಬೇರೆಯವರ ಮನೆಯಲ್ಲಾದರೆ ಇಲಿಯ ಮೇಲೆ ಗುಮಾನಿ. ನಮ್ಮ ಮನೆಯಲ್ಲಿ ಹಿಟ್ಟು ಕದಿಯುವವರು ನಮ್ಮ ಮಾವನವರು. ತಿನ್ನಲು ಕದ್ದರೆ ನಾನೇಕೆ ಬೇಜಾರು ಮಾಡಿಕೊಳ್ಳಲಿ? ಅವರು ಕದಿಯುವುದು ಎಂಜಿನ್ನಿಗೆ ಮೆತ್ತಲು.

ಎಂಜಿನ್ ಎಂದರೆ ಕಾರಿನದಲ್ಲ. ಕಾರು ಪಾಪ ಬಿಸಿಲಲ್ಲಿ ನಿಂತಿತ್ತು. ಅದರ ಶೆಡ್ಡಿನ ನೆರಳಲ್ಲಿ ಎಂಟು ಸಿಲಿಂಡರಿನ ರೇಸ್ ದೋಣಿಯ ಎಂಜಿನ್ನು ಆರಾಮಾಗಿ ಕೂತಿತ್ತು. ಕಲಬುರಗಿಯಲ್ಲಿ ದೋಣಿಯ ಎಂಜಿನ್! ನಮ್ಮೂರಿಂದ ಸಮುದ್ರ ಎಷ್ಟು ದೂರವೆಂದರೆ, ಅಲ್ಲಿಯ ಮೀನು ಕೂಡ ಇಲ್ಲಿಗೆ ಐಸ್ ಹೊದ್ದುಕೊಂಡೇ ಬರುತ್ತದೆ. ಮಾವನವರು ಮುಂಬೈ ಬಂದರಿನ ವರ್ಕ್‌ಶಾಪಿನಲ್ಲಿ ಆಯುಷ್ಯ ಕಳೆದವರು. ನಿವೃತ್ತರಾಗಿ ಬರುವಾಗ ಎಲ್ಲರೂ ಶಾಲು, ಗಡಿಯಾರ ತರುತ್ತಾರೆ. ಇವರು ಗುಜರಿಗೆ ಹೋಗಬೇಕಿದ್ದ ಇದನ್ನು ಲಾರಿಯಲ್ಲಿ ತಂದರು. ಬಿಚ್ಚಿದರು, ತೊಳೆದರು, ಮತ್ತೆ ಜೋಡಿಸಿ ಹೊಸದು ಮಾಡಿದರು. ಇದನ್ನು ಕೂರಿಸಬೇಕಾದ ದೋಣಿ ಅವರ ಗೆಳೆಯರದು. ಅದು ಕಮಲಾಪುರದ ಹತ್ತಿರ, ಕೆರೆಯ ಪಕ್ಕದ ಅವರ ಕೆಂಪು ಬಾಳೆಯ ತೋಟದಲ್ಲಿ ಬಿದ್ದಿತ್ತು.

ಎಂಜಿನ್ನಿನ ಕೆಲಸ ಎಲ್ಲ ಮುಗಿದು ಒಂದೇ ಒಂದು ಉಳಿದಿತ್ತು. ಇನ್‌ಟೇಕ್ ಮ್ಯಾನಿಫೋಲ್ಡ್. ನನಗೆ ತಿಳಿದಷ್ಟು ಹೇಳುತ್ತೇನೆ: ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಎಂಟೂ ಸಿಲಿಂಡರಿಗೆ ಹಂಚುವ, ಏಡಿಯ ಆಕಾರದ ಅಲ್ಯೂಮಿನಿಯಂ ಸಾಮಾನು. ಮನೆಯಲ್ಲಿ ಅಂಥವು ಎರಡಿದ್ದವು, ಎತ್ತರದ್ದೊಂದು, ಗಿಡ್ಡದ್ದೊಂದು. ಎತ್ತರದ್ದು ಹಾಕಿದರೆ ದೋಣಿ ಹಾರುತ್ತದಂತೆ. ಗಿಡ್ಡದ್ದು ಹಾಕಿದರೆ ನಿಧಾನದಲ್ಲೂ ಗಟ್ಟಿಯಾಗಿ ಎಳೆಯುತ್ತದಂತೆ. ಯಾವುದು ಹಾಕುವುದು? ಈ ಪ್ರಶ್ನೆಯಲ್ಲೇ ಬೇಸಿಗೆ ಹೋಗಿ ಮಳೆಗಾಲ ಬಂತು. ಅಷ್ಟರಲ್ಲಿ ನಾವು ನನ್ನ ನಾದಿನಿಗೆ ಗಂಡು ಹುಡುಕಿ ಮದುವೆಯನ್ನೇ ಮಾಡಿ ಮುಗಿಸಿದ್ದೆವು.

ಮಾವನವರ ಜೀವ ಎತ್ತರದ್ದರ ಮೇಲೆ. ನನ್ನ ಹುಣಸೆಹಣ್ಣೆಲ್ಲ ಖರ್ಚು ಮಾಡಿ ತಿಕ್ಕಿ, ಮುಖ ಕಾಣುವಂತೆ ಮಾಡಿದ್ದರು.

"ಆಯುಷ್ಯಪೂರ್ತಿ ಮಂದಿ ಡೋಣಿ ಹಾರೂ ಹಂಗ ಮಾಡಿಕೊಟ್ಟೀನವ್ವಾ," ಎನ್ನುತ್ತಿದ್ದರು. "ನಾ ದಂಡಿ ಮ್ಯಾಲ ನಿಂತು ನೋಡೀನಿ, ಅಷ್ಟೇ. ಒಂದ್ ಸಲ ನಾನೂ ಹಾರಬೇಕು."

ನಮ್ಮವರು ಪೇಪರಿನಿಂದ ತಲೆಯೆತ್ತದೆ, "ಅಪ್ಪಾ, ಆ ಕೆರ್ಯಾಗ ನೀ ಸ್ಪೀಡ್ ಹಿಡಿಯೂದ್ರಾಗ ಆಚೀ ದಂಡಿ ಬಂದಿರ್ತದ. ಡೋಣಿ ಹೋಗಿ ಬಾಳೀ ತ್ವಾಟದಾಗ ನಿಂದರ್ತದ," ಎಂದರು.

"ನಿಂದರಲಿ. ಹಣ್ಣರ ಸಿಗ್ತಾವ."

ಇಂಥವರ ಹತ್ತಿರ ಏನು ವಾದ ಮಾಡುವುದು? ಒಮ್ಮೆ ಗಾಳಿ ಒಳಗೆ ಹೇಗೆ ಹರಿಯುತ್ತದೆಂದು ನೋಡಲು ಎತ್ತರದ್ದನ್ನು ಹಿತ್ತಾಳೆ ಪರಾತದಲ್ಲಿಟ್ಟು, ದೇವರ ಕೋಣೆಯ ಊದುಬತ್ತಿಗಳನ್ನೆಲ್ಲ ಅದರ ಬಾಯಿಗೆ ಹಿಡಿದು ಕೂತಿದ್ದರು. ಆ ಹೊತ್ತಿಗೇ ತಾಜಸುಲ್ತಾನಪುರದಿಂದ ನಮ್ಮ ದೂರದ ಚಿಕ್ಕಮ್ಮ ಬಂದರು. ಥಳಥಳ ಹೊಳೆಯುವ ಮೂರ್ತಿ, ಸುತ್ತ ಹೊಗೆ. ಚಪ್ಪಲಿ ಬಿಟ್ಟು ಸೆರಗು ಹೊದ್ದು ಕೈಮುಗಿದೇ ಬಿಟ್ಟರು.

"ಇದ್ಯಾವ ದೇವ್ರೋ ಯಪ್ಪಾ?"

"ಹವಾ ಕೊಡೂ ದೇವ್ರು," ಎಂದರು ಮಾವನವರು, ಕಣ್ಣು ಹೊಗೆಯಿಂದ ಕದಲಿಸದೆ. ಚಿಕ್ಕಮ್ಮ ಬಾಳೆಹಣ್ಣೊಂದನ್ನು ಪರಾತದಲ್ಲಿಟ್ಟೇ ಒಳಗೆ ಬಂದರು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಸಿಟ್ಟು ಬಂದಾಗ ಮನಸ್ಸಿನಲ್ಲೇ ಎಣಿಸಿಕೊಳ್ಳಲು ಕಲಿಸಿದ್ದರು. ಈ ಎಂಜಿನ್ ಬಂದ ಮೇಲೆ ನಾನು ಎಣಿಸಿದ್ದು ನೋಡಿದರೆ ಯಾವ ಬ್ಯಾಂಕಿನವರಾದರೂ ನನಗೆ ಕ್ಯಾಶಿಯರ್ ಕೆಲಸ ಕೊಟ್ಟಾರು.

ಹೋದ ವಾರ ಮೆಂತ್ಯೆ ಬಿಡಿಸುತ್ತ ಕೂತಿದ್ದಾಗ ಮಾವನವರು ಬಂದು, "ಅವ್ವಾ, ಡೋಣಿ ಚಾಲೂ ಆದ ಮ್ಯಾಲ ಮೊದಲು ನೀನೇ ಕೂಡಬೇಕು," ಎಂದರು.

"ನಾ ಒಲ್ಲೇರಿ ಮಾವಾರ. ಕುರ್ಚಿ ಮ್ಯಾಲ ಕುಂತರೇ ನನ್ನ ಕಾಲು ನೆಲಕ್ಕ ಹತ್ತಂಗಿಲ್ಲ. ಇನ್ನ ನೀರಿನ ಮ್ಯಾಲ ಕಾಲು ಜೋತಾಡಿಸ್ಕೋತ ಕುಂತರ ಜೀವ ಹೋಗ್ತದ ನಂದು."

ಸುಳ್ಳಲ್ಲ. ಶಾಲೆಯ ಪ್ರಾರ್ಥನೆಯ ಬೆಂಚಿನಿಂದ ಹಿಡಿದು ನನ್ನ ಮದುವೆಯ ಕುರ್ಚಿಯವರೆಗೆ ನನ್ನ ಪಾದಗಳು ಗಾಳಿಯಲ್ಲೇ ಇದ್ದವು. ಅವು ನೆಲಕ್ಕೆ ಊರುವುದು ಅಡುಗೆಮನೆಯ ಗಿಡ್ಡ ಸ್ಟೂಲಿನ ಮೇಲೆ ಕೂತಾಗ ಮಾತ್ರ. ಮಾವನವರು "ಹೂಂ" ಎಂದು ನಟ್ಟು ತಿರುವುವ ಪಾನಾ ಹುಡುಕಿಕೊಂಡು ಹೋದರು. ನಾವು ಹೇಳಿದ್ದು ಅವರ ಕಿವಿಗೆ ಬೀಳುವುದು ಅಷ್ಟಕ್ಕಷ್ಟೇ. ಬಿದ್ದಿದ್ದರೆ ಮೊನ್ನೆ ಆ ಸ್ಟೂಲನ್ನೂ ಹೇಳದೆ ಕೇಳದೆ ಒಯ್ಯುತ್ತಿದ್ದರೇ? ಸಂಜೆ ವಾಪಸು ಬಂದಾಗ ಅದರ ಕಾಲಿನ ಮೇಲೆಲ್ಲ ಸೀಮೆಸುಣ್ಣದ ಗೆರೆ. ನಾನು ಒರೆಸುತ್ತ ಮತ್ತೆ ಎಣಿಸಿದೆ.

ಇರಲಿ, ಆವತ್ತಿನ ಹಿಟ್ಟಿಗೆ ಬರುತ್ತೇನೆ. ದೋಣಿಯಲ್ಲಿ ಎಂಜಿನ್ನಿನ ಮೇಲೊಂದು ಹಲಗೆಯ ಪೆಟ್ಟಿಗೆ ಇರುತ್ತದೆ. ಅದರ ಮುಚ್ಚಳವೇ ಕೂರುವವರ ಸೀಟು. ಆ ಪೆಟ್ಟಿಗೆಯನ್ನೂ ಮಾವನವರು ಶೆಡ್ಡಿಗೆ ತರಿಸಿಕೊಂಡಿದ್ದರು. ಎಂಜಿನ್ನಿನ ನೆತ್ತಿಗೆ ಒಂದೊಂದೇ ಮ್ಯಾನಿಫೋಲ್ಡ್ ಕೂರಿಸಿ, ಅದರ ಮೇಲೆ ಹಿಟ್ಟಿನ ಉಂಡೆಯಿಟ್ಟು, ಮುಚ್ಚಳ ಹಾಕಿ ತೆಗೆದರೆ, ಉಂಡೆ ಎಷ್ಟು ಚಪ್ಪಟೆಯಾಯಿತು ಎಂಬುದರ ಮೇಲೆ ಒಳಗೆ ಜಾಗ ಎಷ್ಟಿದೆಯೆಂದು ತಿಳಿಯುತ್ತದೆ. ನಾನು ಲಟ್ಟಣಿಗೆ ಸಮೇತ ಶೆಡ್ಡಿಗೆ ಹೋದಾಗ ಗಿಡ್ಡದ್ದರ ಮೇಲಿಟ್ಟ ಉಂಡೆ ಉಂಡೆಯಾಗಿಯೇ ಉಳಿದಿತ್ತು. ಎತ್ತರದ್ದರ ಮೇಲಿಟ್ಟದ್ದು ಹಪ್ಪಳವಾಗಿತ್ತು, ಮುಚ್ಚಳ ನಾಲ್ಕು ಬೆರಳು ಮೇಲೆಯೇ ನಿಂತಿತ್ತು.

ಮಾವನವರು ಆ ಹಪ್ಪಳವನ್ನು ಬೆಳಕಿಗೆ ಹಿಡಿದು, "ಎಷ್ಟ್ ತೆಳ್ಳಗಾಗ್ಯದ ನೋಡವ್ವಾ. ನೀನೂ ಇಷ್ಟ್ ತೆಳ್ಳಗ ರೊಟ್ಟಿ ಬಡಿಯಂಗಿಲ್ಲ," ಎಂದರು.

ನಾನು ಲಟ್ಟಣಿಗೆ ಎತ್ತುವಷ್ಟರಲ್ಲಿ ಅವರ ಫೋನು ರಿಂಗಾಯಿತು. ಕಮಲಾಪುರದ ಗೆಳೆಯರು. ಅವರ ದನಿ ಅಂಗಳದವರೆಗೂ ಕೇಳುತ್ತಿತ್ತು.

"ಏ ಇಂಜಿನೇರ್ ಸಾಬ, ಇವತ್ತ ಸಂಜೀ ಒಳಗ ನಿನ್ನ ಇಂಜಿನ್ ಬರ್ಲಿಲ್ಲಂದ್ರ ಡೋಣಿ ದನ ನೀರು ಕುಡಿಯೂ ಬಾನಿ ಮಾಡ್ತೀನಿ ನೋಡು. ನಮ್ಮ ಎಮ್ಮಿಗೋಳು ಆಗಲೇ ಒಳಗ ಹಣಿಕಿ ಹಾಕ್ಲಾಕತ್ಯಾವ."

ಗೆಳೆಯರು ಅಂದದ್ದನ್ನು ಮಾಡುವವರು. ಹಳೆಯ ಜೀಪಿನ ಟಾಪನ್ನು ಕೋಳಿಗೂಡು ಮಾಡಿದವರು. ಮಾವನವರು ಟೆಂಪೋಗೆ ಹೇಳಿದರು. ಅದು ಬರುವವರೆಗೆ ಎರಡೂ ಮ್ಯಾನಿಫೋಲ್ಡುಗಳನ್ನು ಎದುರಿಗಿಟ್ಟುಕೊಂಡು ಕೂತರು. ಚಹಾ ಕೊಟ್ಟೆ, ಕೆನೆಗಟ್ಟಿತು. ಕೊನೆಗೆ ಎದ್ದು, ಎತ್ತರದ್ದನ್ನು ಅಂಗಿಯ ತುದಿಯಿಂದ ಇನ್ನೊಮ್ಮೆ ಒರೆಸಿ, ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಇದನ್ನ ಒಳಗಿಡವ್ವಾ. ಗಿಡ್ಡದ್ದೇ ಹಚ್ತೀನಿ."

ನಮ್ಮವರು ಬೆರಗಾದರು. "ಯಾಕಪ್ಪಾ?"

"ಮುಚ್ಚಳ ಕೂಡಂಗಿಲ್ಲ."

"ಪೆಟಗಿಗೆ ನಾಲ್ಕು ಬಳ್ಳಿನ ಹಲಗಿ ಹೊಡದ್ರ ಮುಗೀತಲ್ಲ. ಈಗೇ ಹೊಡದು ಕೊಡ್ತೀನಿ."

"ಬ್ಯಾಡ. ಪೆಟಗಿ ಎತ್ತರ ಮಾಡಂಗಿಲ್ಲ ನಾ."

ಅಷ್ಟೇ. ಕಾರಣವಿಲ್ಲ, ವಿವರಣೆಯಿಲ್ಲ. ಟೆಂಪೋದಲ್ಲಿ ಎಂಜಿನ್ನಿನ ಪಕ್ಕ ಕೂತು, ಗಿಡ್ಡದ್ದನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೇ ಬಿಟ್ಟರು. ನಾನು ಟವೆಲ್ಲಿನ ಗಂಟು ಹಿಡಿದು ಗೇಟಿನಲ್ಲಿ ನಿಂತೆ. ಇಷ್ಟು ತಿಂಗಳು ನನ್ನ ಹುಣಸೆಹಣ್ಣು, ಊದುಬತ್ತಿ, ಹಿಟ್ಟು ಎಲ್ಲ ತಿಂದದ್ದನ್ನು ಒಂದು ಹಲಗೆಯ ತುಂಡು ಹೊಡೆಯಲು ಬೇಸತ್ತು ಬಿಟ್ಟರಲ್ಲ! ಪಾತ್ರೆಗಳ ಅಲಮಾರಿಯಲ್ಲಿ ಅದನ್ನಿಡುವಾಗ ನನಗೇ ಅಳು ಬಂದಂತಾಯಿತು. ಸಿಟ್ಟಿನದೇ ಇರಬೇಕು.

ಸಂಜೆ ಪಕ್ಕದ ಮನೆಯ ಆಪಾ ಕಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರ ಮನೆಯವರು ಸ್ಟೇಶನ್ ಬಜಾರದಲ್ಲಿ ಆಟೋಗಳ ಸೀಟು ಹೊಲಿಯುತ್ತಾರೆ. ನಾನು ತಡೆಯಲಾರದೆ ಎಲ್ಲ ಹೇಳಿಕೊಂಡೆ. "ನೋಡ್ರಿ ಆಪಾ, ನಾಲ್ಕು ಬಳ್ಳ ಪೆಟಗಿ ಎತ್ತರ ಮಾಡ್ಲಾಕ ಏನಾಗಿತ್ತು ಇವರಿಗೆ?"

ಆಪಾ ಬಾಯಲ್ಲಿದ್ದ ಕ್ಲಿಪ್ಪು ತೆಗೆದು, "ಅದ್ಹೆಂಗ ಮಾಡ್ತಾರ್ರೀ ಭಾಭಿ?" ಎಂದರು. "ಮೊನ್ನಿ ನಿಮ್ಮ ಅಡಗಿಮನಿ ಸ್ಟೂಲು ತಂದು ನಮ್ಮನಿಯವರ ಮುಂದ ಇಟ್ಟು, ಡೋಣಿ ಪೆಟಗಿಗೆ ಗಾದಿ ಹಾಕಿದ ಮ್ಯಾಲ ಎತ್ತರ ಬರೋಬ್ಬರಿ ಇಷ್ಟೇ ಆಗಬೇಕು, ನಮ್ಮ ಸೊಸಿ ಕಾಲು ನೆಲಕ್ಕ ಹತ್ತಬೇಕು ಅಂತ ಹೇಳಿ ಗಾದಿ ಹೊಲಿಸ್ಕೊಂಡು ಹೋಗ್ಯಾರಲ್ಲ. ನಿಮ್ಮ ಚಾದರ ತಗೀರಿ, ಮಳಿ ಬರೂ ಹಂಗದ."