ಮೂರು ಕಪ್ಪು ಬಾಳೆಹಣ್ಣು

"ಇವತ್ತು ಸಂಜೆಯೊಳಗೆ ಈ ಮನೇಲಿ ಒಂದು ಬ್ರೆಡ್ ಅವತಾರ ಎತ್ತುತ್ತೆ!"

ಭಾನುವಾರ ಬೆಳಿಗ್ಗೆ ನಾನು ಹೀಗೆ ಘೋಷಿಸಿದಾಗ ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಅಂಗಡಿಗೆ ನಾನೇ ಹೋಗ್ಬೇಕಾ?" ಎಂದರಷ್ಟೆ.

"ಅಂಗಡೀದಲ್ಲ ರೀ, ನಾನೇ ಮಾಡೋದು! ಬಾಳೆಹಣ್ಣಿನ ಸಿಹಿ ಬ್ರೆಡ್. ನಮ್ಮದೇ ಅವನ್ನಿನಲ್ಲಿ!"

ಈಗ ಪೇಪರು ಕೆಳಗಿಳಿಯಿತು. "ಹಾಗಾದ್ರೆ ಅದರೊಳಗಿರೋ ಡಬ್ಬಿಗಳೆಲ್ಲ ಎಲ್ಲಿಗೆ ಹೋಗ್ಬೇಕು ಪಾಪ?"

ನ್ಯಾಯವಾದ ಪ್ರಶ್ನೆ. ಕೊಂಡ ಹೊಸತರಲ್ಲಿ ಒಮ್ಮೆ ಆ ಅವನ್ನಿನಲ್ಲಿ ಬಿಸ್ಕತ್ತು ಮಾಡಿದ್ದೆ. ಅದರಲ್ಲೊಂದನ್ನು ನಮ್ಮವರು ಊಟದ ಮೇಜಿನ ಕುಂಟುಗಾಲಿನ ಕೆಳಗೆ ಒತ್ತಿಟ್ಟರು. ಮೇಜು ಇವತ್ತಿಗೂ ಅಲುಗಿಲ್ಲ. ಅಂದಿನಿಂದ ಅವನ್ ಬೀರುವಾಗಿ ಬಡ್ತಿ ಪಡೆದು, ಮುಚ್ಚಳವಿಲ್ಲದ ಡಬ್ಬಿಗಳಿಗೂ ಡಬ್ಬಿಯಿಲ್ಲದ ಮುಚ್ಚಳಗಳಿಗೂ ಆಶ್ರಯ ಕೊಟ್ಟಿತ್ತು.

ಇಂಥ ಅವನ್ನಿನ ಮೇಲೆ ನನ್ನ ನಾದಿನಿಯ ಕಣ್ಣು ಬಿತ್ತು. ಅವಳಿಗೆ ನಲವತ್ತು ದಾಟಿದರೂ ಅಣ್ಣನಿಗೂ ನನಗೂ ಇನ್ನೂ 'ಪುಟ್ಟಿ'ಯೇ. ಮನೆಯಲ್ಲೇ ಕೇಕು ಮಾಡಿ ಆರ್ಡರಿನ ಮೇಲೆ ಕೊಡುತ್ತಾಳೆ. ಈಚೆಗೆ ಅವಳಿಗೆ ಒಂದು ಅವನ್ ಸಾಲುತ್ತಿಲ್ಲವಂತೆ. ಹಿಂದಿನ ವಾರ ಬಂದವಳು ನಮ್ಮದರ ಬಾಗಿಲು ತೆರೆದಳು. ಮುಚ್ಚಳಗಳೆಲ್ಲ ಅವಳ ಪಾದಕ್ಕೆ ಬಿದ್ದು ಶರಣಾದವು.

"ಅತ್ತಿಗೆ, ಅವನ್ನ ನನಗೆ ಕೊಟ್ಟುಬಿಡಿ. ನಿಮಗಂತೂ ಏನೂ ಉಪಯೋಗಕ್ಕೆ ಬರ್ತಿಲ್ಲ."

ಕೋಣೆಯೊಳಗಿಂದ ನಮ್ಮವರ ಗಾಬರಿಯ ದನಿ ಕೇಳಿಸಿತು: "ಯಾರನ್ನೇ?!"

ಅಣ್ಣನನ್ನಾಗಿದ್ದರೆ ಯೋಚಿಸಬಹುದಿತ್ತು. ಅವನ್ ಬಿಟ್ಟುಕೊಡುವುದೆಂದರೆ ಅಡುಗೆಮನೆಯ ಸೋಲು! ನನಗೆ ಎಲ್ಲಿಲ್ಲದ ರೋಷ ಉಕ್ಕಿತು.

"ಮುಂದಿನ ಭಾನುವಾರ ಸಂಜೆ ಬಾರೇ ಪುಟ್ಟಿ. ಇದರಲ್ಲೇ ಬ್ರೆಡ್ ಮಾಡಿ ನಿನ್ನ ತಟ್ಟೆಗೆ ಹಾಕ್ತೀನಿ. ಚೆನ್ನಾಗಿಲ್ಲ ಅಂದ್ರೆ ಅವನ್ ಹೊತ್ಕೊಂಡು ಹೋಗು!"

"ಆಮೇಲೆ ಮಾತು ತಪ್ಪಬಾರದು ಅತ್ತಿಗೆ."

"ಬ್ರೆಡ್ ತಪ್ಪಿದರೂ ಮಾತು ತಪ್ಪಲ್ಲ!"

ಬಾಳೆಹಣ್ಣಿಗೇನೂ ಬರವಿರಲಿಲ್ಲ. ಆ ವಾರ ಹಣ್ಣಿನಂಗಡಿಯವನು ನಮ್ಮವರ ಕೈಗೆ ಎರಡು ಚಿಪ್ಪು ಬಾಳೆಹಣ್ಣು ಕೊಟ್ಟಿದ್ದ. ಮನೆಗೆ ತಂದು ಬಿಚ್ಚಿ ನೋಡಿದಾಗಲೇ 'ಕೈಗೆ ಚಿಪ್ಪು ಕೊಟ್ಟ' ಎಂಬ ಮಾತಿನ ಇನ್ನೊಂದು ಅರ್ಥವೂ ನಮಗೆ ಹೊಳೆದದ್ದು. ಎಲ್ಲವೂ ಒಟ್ಟಿಗೇ ಹಣ್ಣಾಗಿ ಕೂತಿದ್ದವು! ಬೆಳಿಗ್ಗೆ ಎದ್ದು ಅವುಗಳ ಮುಖ ನೋಡುವುದೇ ನನಗೊಂದು ಕುತೂಹಲವಾಯಿತು. ಮೊದಲು ಸಾಸಿವೆಯಷ್ಟು ಚುಕ್ಕೆ, ಆಮೇಲೆ ಭೂಪಟದಂಥ ಮಚ್ಚೆ, ಕೊನೆಗೆ ತೊಟ್ಟಿನಿಂದ ತುದಿವರೆಗೆ ಕಪ್ಪು. ಇವು ಕೊಳೆತವೋ, ಕಳಿತವೋ? ಬರೆಯುವಾಗ ಸ್ವರದ ವ್ಯತ್ಯಾಸ ಅಷ್ಟೇ; ತಿನ್ನುವಾಗ ಮಾತ್ರ ಹೊಟ್ಟೆಯ ಪ್ರಶ್ನೆ. ಭಾನುವಾರ ಒಂದರ ಸಿಪ್ಪೆ ಸರಿಸಿ ನೋಡಿದೆ. ಹೊರಗೆ ಇದ್ದಿಲಿನ ಬಣ್ಣ, ಒಳಗೆ ಜೇನಿನ ಬಣ್ಣ! ಬೆರಳಿಗೆ ಹತ್ತಿದ್ದನ್ನು ನೆಕ್ಕಿದೆ. ಆಹಾ! ಹಣ್ಣಿಗೆ ವಯಸ್ಸಾದಷ್ಟೂ ಸಿಹಿ ಹೆಚ್ಚುತ್ತದೆ, ನಿನಗೇಕೆ ಹಾಗಾಗುತ್ತಿಲ್ಲ ಎಂದು ನಮ್ಮವರು ಕೇಳುವ ಮೊದಲೇ ಫೋನು ಎತ್ತಿಕೊಂಡೆ.

ಫೋನು ಮಾಡಿದ್ದು ಪುಟ್ಟಿಗೇ. ಯುದ್ಧಕ್ಕೆ ಕರೆದವಳ ಹತ್ತಿರವೇ ಕತ್ತಿ ಕಡ ಕೇಳುವ ಧೈರ್ಯ ಇನ್ನಾರಿಗೆ ಬಂದೀತು?

"ಬರ್ಕೊಳ್ಳಿ ಅತ್ತಿಗೆ."

"ಬರೆಯೋದೇನು ಬೇಡ, ಹೇಳು. ತಲೇಲಿ ಇಟ್ಕೋತೀನಿ." ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು, ಎರಡು ಕೈಯೂ ಅವನ್ನಿನಿಂದ ಡಬ್ಬಿಗಳನ್ನು ಒಕ್ಕಲೆಬ್ಬಿಸುತ್ತಿದ್ದವು.

"ಮೂರು ಕಪ್ಪು ಬಾಳೆಹಣ್ಣು, ಚೆನ್ನಾಗಿ ಹಿಸುಕ್ಬೇಕು. ಒಂದೂವರೆ ಕಪ್ಪು ಮೈದಾ. ಮುಕ್ಕಾಲು ಕಪ್ಪು ಸಕ್ಕರೆ. ಅರ್ಧ ಕಪ್ಪು ಕರಗಿಸಿದ ಬೆಣ್ಣೆ. ಎರಡು ಮೊಟ್ಟೆ, ಒಂದು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಇನ್ನೊಂದು ಅತ್ತಿಗೆ, ಒಳಗಿಟ್ಟ ಮೇಲೆ ಪದೇ ಪದೇ ಬಾಗಿಲು ತೆಗೀಬೇಡಿ. ಶಾಖ ಹೋದ್ರೆ ಬ್ರೆಡ್ ಕುಸಿಯುತ್ತೆ. ಸುಮ್ನಿರಬೇಕು."

"ಯಾಕೆ, ನಾನು ಸುಮ್ನಿರಲ್ವಾ?"

ಪುಟ್ಟಿ ಅವಸರವಸರವಾಗಿ ಫೋನಿಟ್ಟಳು.

ಅಳತೆ ಶುರುವಾಗುತ್ತಿದ್ದಂತೆ ನಮ್ಮವರು ಅಡುಗೆಮನೆಗೆ ದಯಮಾಡಿಸಿದರು. ಅವರು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ತಪಾಸಣೆ ಮಾಡಿ ಮಾಡಿ, ಮನೆಯಲ್ಲಿ ಚಮಚ ಕಂಡರೂ ಅನುಮಾನ.

"ಕಪ್ಪು ಅಂದ್ರೆ ಯಾವ ಕಪ್ಪು?"

"ಕಾಫಿ ಕುಡಿಯೋ ಕಪ್ಪು ರೀ."

"ಯಾರು ಕುಡಿಯೋದು? ನಾನು ಕುಡಿಯೋದು ಕಪ್ಪು. ನೀನು ಕುಡಿಯೋದು ಬಕೀಟು."

"ಬಕೀಟಲ್ಲೇ ಮಾಡ್ತೀನಿ. ನೀವು ಹೊರಡಿ!"

"ಮಾಡು, ಮಾಡು. ಮುದ್ರೆ ಇಲ್ಲದ ಅಳತೇಲಿ ಮಾಡಿದ ಬ್ರೆಡ್ಡು ಕಾನೂನು ಪ್ರಕಾರ ಬ್ರೆಡ್ಡೇ ಅಲ್ಲ."

ನನ್ನ ಕಪ್ಪಿನಲ್ಲಿ ಮೂರು ಕಪ್ಪು ತುಂಬುವಷ್ಟರಲ್ಲಿ ಒಂದು ಚಿಪ್ಪು ಪೂರ್ತಿ ಖಾಲಿಯಾಗಿ, ಇನ್ನೊಂದಕ್ಕೂ ಕೈ ಹಾಕಬೇಕಾಯಿತು. ಒಂದು ಬ್ರೆಡ್ಡಿಗೆ ಇಷ್ಟೊಂದು ಹಣ್ಣೇ ಎಂದು ಬೆರಗಾದೆ. ಪುಟ್ಟಿಯ ಕೇಕು ಅಷ್ಟು ರುಚಿಯಾಗಿರುವ ಗುಟ್ಟು ಇದೇ ಇರಬೇಕೆಂದು ಒಳಗೊಳಗೇ ಹಿಗ್ಗಿದೆ. ಮಿಕ್ಕಿದ್ದನ್ನೆಲ್ಲ ಸುರಿದು ಕಲಸಿದೆ. ಸೌಟು ನಿಲ್ಲಿಸಿದರೆ ನಿಲ್ಲಲಿಲ್ಲ, ಮಲಗಿತು. ಮಲಗಿದ್ದು ಮುಳುಗಿತು.

ನಮ್ಮವರು ಬಗ್ಗಿ ನೋಡಿ ಕೇಳಿದರು: "ಇದನ್ನ ಬೇಯಿಸೋದಾ, ಗೋಡೆಗೆ ಬಳಿಯೋದಾ?"

ಮತ್ತೆ ಫೋನು.

"ಅತ್ತಿಗೆ, ಎಷ್ಟು ಹಣ್ಣು ಹಾಕಿದ್ರಿ?"

"ನೀನು ಹೇಳಿದಷ್ಟೇ ಕಣೇ. ಮೂರು ಕಪ್ಪು."

"ಹೂಂ, ಮೂರು ಹಣ್ಣು."

"ಹಣ್ಣಲ್ಲ, ಕಪ್ಪು!"

"ಹೌದು ಅತ್ತಿಗೆ, ಕಪ್ಪು ಹಣ್ಣು. ಕಪ್ಪಗಾಗಿರೋ ಹಣ್ಣು, ಮೂರು!"

ಇಬ್ಬರಿಗೂ ಒಟ್ಟಿಗೇ ಜ್ಞಾನೋದಯವಾಯಿತು. ಅವಳು ನಕ್ಕ ರಭಸಕ್ಕೆ ಫೋನೇ ನನ್ನ ಭುಜದಿಂದ ಜಾರಿತು. ನೋಡಿ, ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಎಲ್ಲ ಕಾನ್ವೆಂಟಿನ ಕಲಿಕೆ. ಅಲ್ಲಿ ಕಪ್ಪು ಎಂದರೆ ಸಾಸರಿನ ಸಂಗಾತಿ ಮಾತ್ರ. ಬಣ್ಣಕ್ಕೆ 'ಬ್ಲ್ಯಾಕ್' ಎನ್ನದೆ ಕಪ್ಪು ಎಂದರೆ ನಮ್ಮ ಸಿಸ್ಟರು ಕೆಂಪಾಗುತ್ತಿದ್ದರು!

"ಈಗೇನೇ ಮಾಡ್ಲಿ?"

"ಉಳಿದಿದ್ದನ್ನೆಲ್ಲ ಎರಡರಷ್ಟು ಮಾಡಿ. ಎರಡು ಬ್ರೆಡ್ ಆಗುತ್ತೆ. ನನಗೇನು, ಎರಡೂ ತಿಂದು ನೋಡ್ತೀನಿ."

ಮೈದಾ, ಮೊಟ್ಟೆ ತರಲು ನಮ್ಮವರನ್ನು ಅಟ್ಟಿದೆ. ಬಾಗಿಲಲ್ಲಿ ನಿಂತು ಅವರು ವಿನಯದಿಂದ ಕೇಳಿದರು: "ಮೈದಾ ಬಿಳೀದು ತಂದ್ರೆ ಸಾಕಾ, ಕಪ್ಪೇ ಬೇಕಾ?"

ಬ್ರೆಡ್ಡಿನ ತಗಡಿನ ಅಚ್ಚು ಮನೆಯಲ್ಲಿದ್ದದ್ದು ಒಂದೇ. ಅರ್ಧ ಹಿಟ್ಟನ್ನು ಅದಕ್ಕೆ ಹೊಯ್ದು ಅವನ್ನಿನೊಳಗಿಟ್ಟೆ. ಇನ್ನರ್ಧ ಪಾತ್ರೆಯಲ್ಲಿ ಸರದಿ ಕಾಯುತ್ತಿತ್ತು. ಇಲ್ಲಿಂದ ಶುರುವಾಯಿತು ನೋಡಿ ನನ್ನ ಅಗ್ನಿಪರೀಕ್ಷೆ! ಅವನ್ನಿನೊಳಗಿನ ದೀಪ ಎಂದೋ ಕಣ್ಣು ಮುಚ್ಚಿತ್ತು. ಗಾಜಿಗೆ ಮೂಗು ಒತ್ತಿದರೂ ಒಳಗೆಲ್ಲ ಕತ್ತಲು. ಅಲ್ಲಿ ಏನಾಗುತ್ತಿರಬಹುದು? ಸೋಡಾ ಎದ್ದಿತೇ? ಮೊಟ್ಟೆ ಮೆತ್ತಗೆ ಹಿಡಿಯಿತೇ? ಗುಳ್ಳೆ ಎಲ್ಲಿಂದ ಹುಟ್ಟುತ್ತದೆ, ಅಂಚಿನಿಂದಲೋ ನಡುವಿನಿಂದಲೋ? ಇಷ್ಟು ವರ್ಷ ಬದುಕಿದರೂ ಬ್ರೆಡ್ ಉಬ್ಬುವುದನ್ನು ಕಣ್ಣಾರೆ ಕಂಡಿಲ್ಲವಲ್ಲ ಎಂಬ ವೈರಾಗ್ಯವೂ ಬಂತು. ಒಂದೇ ಒಂದು ಸಲ ತೆರೆದೆ. ಅಂಚಿನಿಂದ!

ಟಾರ್ಚು ಹುಡುಕಿ ತಂದು ಮತ್ತೊಂದು ಸಲ ತೆರೆದೆ. "ರೀ, ಉಬ್ತಾ ಇದೆ ರೀ!"

"ಎಲ್ಲಿ, ಎಲ್ಲಿ?" ಎಂದು ಅವರೂ ಓಡಿ ಬಂದು ತೆರೆದರು. ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಆ ಪುಟ್ಟ ಗುಡ್ಡವನ್ನು ನೋಡಿದೆವು. ಮದುವೆಯಾದ ಹೊಸತರಲ್ಲಿ ಕೂಡ ಒಟ್ಟಿಗೆ ಇಷ್ಟು ತದೇಕಚಿತ್ತದಿಂದ ಏನನ್ನೂ ನೋಡಿರಲಿಲ್ಲ. ಅವರು ಬಾಗಿಲು ಸರಿಯಾಗಿ ಮುಚ್ಚಿದರೋ ಇಲ್ಲವೋ ಎಂದು ನಾನು ತೆರೆದು ನೋಡಿದೆ. ನಾನು ಯಾಕೆ ತೆರೆದೆ ಎಂದು ಅವರು ತೆರೆದು ನೋಡಿದರು.

ಹೊರತೆಗೆದಾಗ ಗುಡ್ಡ ಹೋಗಿ ಬಾವಿಯಾಗಿತ್ತು. ನಮ್ಮವರು ಅಡಿಪಟ್ಟಿ ಇಳಿಬಿಟ್ಟು ನೋಡಿ, "ಆಳ ಚೆನ್ನಾಗಿದೆ. ನೀರು ಬಿದ್ದಿಲ್ಲ ಅಷ್ಟೇ" ಎಂದು ವರದಿ ಕೊಟ್ಟರು. ಅಚ್ಚಿಗೆ ಬೆಣ್ಣೆ ಸವರಲು ಮರೆತಿದ್ದರಿಂದ ಬಾವಿಯನ್ನು ಕೀಳಲೂ ಆಗಲಿಲ್ಲ.

ಅಷ್ಟರಲ್ಲಿ ಪುಟ್ಟಿಯ ಫೋನು. "ಅತ್ತಿಗೆ, ಇನ್ನೊಂದು ಗಂಟೇಲಿ ಅಲ್ಲಿರ್ತೀನಿ. ಟ್ಯಾಕ್ಸಿ ಹೇಳಿದೀನಿ. ಡಿಕ್ಕಿ ದೊಡ್ಡದಿದೆ!"

ಆ ಡಿಕ್ಕಿ ನೇರ ನನ್ನ ಎದೆಗೇ ಡಿಕ್ಕಿ ಹೊಡೆಯಿತು. "ಡ್ರೈವರ್‌ಗೆ ತಿರುವು ಗೊತ್ತಾಗ್ದೆ ಇರಬಹುದು, ನಾನು ಮೂಲೇಲಿ ನಿಂತಿರ್ತೀನಿ" ಎಂದು ನಮ್ಮವರು ರಣರಂಗದಿಂದ ಪರಾರಿಯಾದರು.

ಒಬ್ಬಳೇ ನಿಂತೆ. ಹಿಟ್ಟು ಇದೆ, ಅಚ್ಚು ಇಲ್ಲ. ಕುಕ್ಕರಿನ ಪಾತ್ರೆ ಅವನ್ನಿನೊಳಗೆ ಹಿಡಿಸಲಿಲ್ಲ, ಉಳಿದವೆಲ್ಲ ಪ್ಲಾಸ್ಟಿಕ್ಕು. ಅಂಗೈ ಹಿಸುಕುತ್ತ ಹಾಲಿಗೆ ಬಂದಾಗ ಷೋಕೇಸಿನಲ್ಲಿ ಫಳ್ಳೆಂದು ಹೊಳೆಯಿತು, ಮೂರನೆಯ ಬಗೆಯ ಕಪ್ಪು! ಆಫೀಸಿನ ಟೇಬಲ್ ಟೆನಿಸ್ ಪಂದ್ಯದಲ್ಲಿ ನಮ್ಮವರು ಗೆದ್ದ ಎರಡನೇ ಬಹುಮಾನ. ಒಟ್ಟು ಎಷ್ಟು ಜನ ಆಡಿದ್ದರು ಎಂದು ಯಾರೂ ಕೇಳಬಾರದು. ಜೀವಮಾನದಲ್ಲಿ ಅವರು ಗೆದ್ದ ಕಪ್ಪು ಅದೊಂದೇ. ಮೆತ್ತನೆಯ ಬಟ್ಟೆಯಿಂದ ಅವರು ಅದನ್ನು ಒರೆಸುವುದನ್ನು ನೋಡಿದರೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಕೈ ಆಗಲೇ ಮರದ ಪೀಠದ ತಿರುಪು ಬಿಚ್ಚುತ್ತಿತ್ತು!

ಒಳಗೆಲ್ಲ ಬೆಣ್ಣೆ ಸವರಿದೆ. ಹಿಟ್ಟಿಗೆ ಇನ್ನೊಂದು ಚಿಟಿಕೆ ಸೋಡಾ ಹಾಕಿ ಕಪ್ಪಿಗೆ ಹೊಯ್ದು ಅವನ್ನಿನೊಳಗೆ ನಿಲ್ಲಿಸಿದೆ. ಕಪ್ಪಿನ ಒಂದು ಕಿವಿ ಬಾಗಿಲಿಗೆ ಅಡ್ಡ ಬಂತು. ಒತ್ತಿದೆ. 'ಟಕ್' ಎಂದು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ, ಒಂದೇ ಒಂದು ಸಲ ಇಣುಕೋಣವೆಂದು ಎಳೆದೆ. ಬರಲಿಲ್ಲ. ಜಗ್ಗಿದೆ. ಬಾಗಿಲು ಬರುವ ಬದಲು ಇಡೀ ಅವನ್ನೇ ನನ್ನ ಕಡೆ ನಡೆದು ಬಂತು. ಕಿವಿ ಒಳಗೆ ಸಿಕ್ಕಿಹಾಕಿಕೊಂಡಿತ್ತು!

ಬೇರೆ ದಾರಿಯಿಲ್ಲದೆ ಸ್ಟೂಲು ಎಳೆದುಕೊಂಡು ಕೂತೆ. ಜೀವನದಲ್ಲಿ ಮೊದಲ ಸಲ ಸುಮ್ಮನೆ ಕೂತೆ. ಕಣ್ಣಿಗೆ ಕೆಲಸವಿಲ್ಲದಾಗ ಮೂಗು ಚುರುಕಾಯಿತು. ಮೊದಲು ಬೆಣ್ಣೆಯ ವಾಸನೆ ಬಂತು. ಅದರ ಹಿಂದೆಯೇ ಸಕ್ಕರೆ ಕಂದುವ ಘಮ. ಆಮೇಲೆ ಮನೆಯ ಮೂಲೆಮೂಲೆಗೂ ಬಾಳೆಹಣ್ಣು! ಬುಟ್ಟಿಯಲ್ಲಿ ಕೂತಿದ್ದಾಗ ಇಷ್ಟು ಪರಿಮಳ ಇದು ಎಲ್ಲಿ ಬಚ್ಚಿಟ್ಟುಕೊಂಡಿತ್ತು? ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಕರೆಗಂಟೆ ಸದ್ದಾಯಿತು. "ಅತ್ತಿಗೆ, ಬೀದಿ ತನಕ ಘಮಘಮ!" ಎನ್ನುತ್ತ ಪುಟ್ಟಿ ಒಳನುಗ್ಗಿದಳು. ಟ್ಯಾಕ್ಸಿಯನ್ನು ಕೆಳಗೇ ಕಾಯಲು ಹೇಳಿ ನಮ್ಮವರೂ ಹಿಂದೆಯೇ ಬಂದರು. ಪರಿಸ್ಥಿತಿ ಹೇಳಿದೆ. ಅವಳು ಸ್ವಿಚ್ಚು ಆರಿಸಿ, ಸೌಟಿನ ಹಿಡಿಯಿಂದ ಬಾಗಿಲನ್ನು ಮೀಟಿದಳು. ಕಪ್ಪು ಹೊರಗೆ ಬಂತು. ಕಪ್ಪು ಕಪ್ಪಾಗಿತ್ತು! ಆದರೆ ಅದರ ತಲೆಯ ಮೇಲೆ, ಅರಮನೆಯ ಗೋಪುರದ ಹಾಗೆ, ಹೊಂಬಣ್ಣದ ಬ್ರೆಡ್ ಬಿರಿದು ನಿಂತಿತ್ತು.

"ಪಾತ್ರೆ ಚೆನ್ನಾಗಿದೆಯಲ್ಲೇ! ಎರಡೂ ಕಡೆ ಹಿಡಿ ಬೇರೆ. ಯಾವಾಗ ತಗೊಂಡೆ?" ಎಂದರು ನಮ್ಮವರು.

ನಾನು ಚಮಚಗಳನ್ನು ಹುಡುಕತೊಡಗಿದೆ. ಅವರ ಕಣ್ಣು ನಿಧಾನವಾಗಿ ಷೋಕೇಸಿನತ್ತ ಹೋಯಿತು. ಅಲ್ಲಿ ಮರದ ಪೀಠವೊಂದೇ ಬೋಳುಬೋಳಾಗಿ ನಿಂತಿತ್ತು. ಅವರು ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು, ಮೊದಲ ಬ್ರೆಡ್ಡಿನ ಹಾಗೆ.

ಕಪ್ಪಿನ ಕಂಠ ಕಿರಿದಾದ್ದರಿಂದ ಬ್ರೆಡ್ ಇಡಿಯಾಗಿ ಹೊರಬರುವಂತಿರಲಿಲ್ಲ. ಪುಟ್ಟಿ ಚಮಚ ಹಾಕಿ ಗೋಪುರದ ತುದಿಯನ್ನೇ ತೆಗೆದು ಬಾಯಿಗಿಟ್ಟಳು. ಅವಳು ಕಣ್ಣು ಮುಚ್ಚಿದಳು. ಇನ್ನೊಂದು ಚಮಚ. ಮತ್ತೊಂದು.

"ಅತ್ತಿಗೆ, ಸುಳ್ಳು ಹೇಳಲಾರೆ. ಇಷ್ಟು ಮೆತ್ತಗೆ ನನ್ನ ಕೈಲೂ ಬರಲ್ಲ. ನೀವು ಗೆದ್ರಿ. ಅವನ್ ನಿಮ್ದೇ!"

ಬ್ರೆಡ್ಡಿಗಿಂತ ಎರಡು ಅಂಗುಲ ಹೆಚ್ಚೇ ನಾನು ಉಬ್ಬಿದೆ. ನಮ್ಮವರೂ ಎದ್ದು ಬಂದು ಒಂದು ಚಮಚ ತಿಂದರು. ಮುಖದ ಗಂಟು ಸ್ವಲ್ಪ ಸಡಿಲಿತು. ಮೂವರೂ ಸೇರಿ ಕಪ್ಪಿನ ತಳ ಕಾಣಿಸುವಷ್ಟರಲ್ಲಿ ಅವನ್ನೂ ತಣ್ಣಗಾಗಿತ್ತು. ಆಗ ನಮ್ಮವರು ಬಾಯಿ ಒರೆಸಿಕೊಂಡು ಎದ್ದು ಅವನ್ನಿನ ಪ್ಲಗ್ ಕಿತ್ತರು. ಎರಡೂ ಕೈಯಿಂದ ಅದನ್ನು ಎತ್ತಿಕೊಂಡರು.

"ಪುಟ್ಟಿ, ನಡಿ. ಡಿಕ್ಕಿ ತೆಗೆಸು."

"ಅಣ್ಣಾ, ಅತ್ತಿಗೆ ಗೆದ್ದಿದಾರಲ್ಲ!"

"ಅದಕ್ಕೇ ಹೇಳ್ತಿರೋದು. ಸೋತಿದ್ರೆ ಇವತ್ತಿಗೇ ಕೈ ಬಿಡ್ತಿದ್ಲು. ಗೆದ್ದಿದಾಳೆ ಮಾರಾಯ್ತಿ, ಮುಂದಿನ ವಾರಾನೂ ಮಾಡ್ತಾಳೆ!"

ನಾನು ಬಾಯಿ ತೆರೆಯುವ ಮೊದಲೇ ಅವರು ಅವನ್ ಕೆಳಗಿಟ್ಟು, ಒಳಕೋಣೆಗೆ ಹೋಗಿ, ತಮ್ಮ ಸ್ಕೂಟರಿನ ಹೆಲ್ಮೆಟ್ ತಲೆಗೇರಿಸಿಕೊಂಡು ಬಂದರು. ಮತ್ತೆ ಅವನ್ ಎತ್ತಿಕೊಂಡು ಮೆಟ್ಟಿಲಿಳಿಯತೊಡಗಿದರು.

"ಅಣ್ಣಾ, ಟ್ಯಾಕ್ಸಿ ತನಕ ಹೋಗೋಕೆ ಹೆಲ್ಮೆಟ್ ಯಾಕೆ?" ಪುಟ್ಟಿ ಹಿಂದಿನಿಂದ ಕೂಗಿದಳು.

ಮೆಟ್ಟಿಲ ತಿರುವಿನಿಂದ ಉತ್ತರ ಬಂತು: "ಇದೂ ದುಂಡಗಿದೆ, ಒಳ್ಳೆ ಆಳ ಇದೆ. ಅವನ್ ಮನೆಯಿಂದ ಆಚೆ ಹೋಗೋ ತನಕ ಇದನ್ನ ನಿಮ್ಮತ್ತಿಗೆ ಹತ್ರ ಬಿಟ್ಟು ಬರೋ ಧೈರ್ಯ ನನಗಿಲ್ಲ!"